ಮೊದಲು ಬ್ಲ್ಯಾಂಕ್, ಆಮೇಲೆ ಹಸು

ಮನುಷ್ಯನ ರಕ್ತದಲ್ಲಿ ಕ್ರೋಮಿಯಂ ಎಷ್ಟಿರುತ್ತದೆ ಎಂಬ ಪ್ರಶ್ನೆಗೆ 1950ರ ದಶಕದಲ್ಲಿ ಸಿಗುತ್ತಿದ್ದ ಉತ್ತರಕ್ಕೂ 1980ರ ದಶಕದಲ್ಲಿ ಒಪ್ಪಿಗೆಯಾದ ಉತ್ತರಕ್ಕೂ ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರವಿದೆ. ಅಷ್ಟರಲ್ಲಿ ಮನುಷ್ಯರ ರಕ್ತವೇನೂ ತಿಳಿಯಾಗಿರಲಿಲ್ಲ. ಹಿಂದಿನವರು ಅಳೆದದ್ದರಲ್ಲಿ ದೊಡ್ಡ ಪಾಲು ಸ್ಟೀಲ್ ಸೂಜಿಯದು, ಕ್ರೋಮಿಕ್ ಆಮ್ಲದಲ್ಲಿ ತೊಳೆದ ಗಾಜಿನದು, ಕೋಣೆಯ ದೂಳಿನದು. ರೋಗಿಯದು ಅದರಲ್ಲಿ ಎಲ್ಲೋ ಒಂದು ಚೂರು. ಅಂಥ ಅಂಕಿಗಳ ಮೇಲೆ ಪ್ರಬಂಧಗಳು ಬಂದವು, ಪಾಠಗಳಾದವು, ಪದವಿಗಳೂ ಸಿಕ್ಕವು. ಯಾರೂ ಸುಳ್ಳು ಬರೆದಿರಲಿಲ್ಲ. ಅವರ ಯಂತ್ರ ತೋರಿಸಿದ್ದನ್ನೇ ಬರೆದಿದ್ದರು.

ಹಳೆಯ ಪ್ರಯೋಗಾಲಯಗಳ ಬಗ್ಗೆ ಯಾರಾದರೂ ಹಂಬಲಿಸಿ ಮಾತಾಡಿದರೆ ನನಗೆ ಈ ಕ್ರೋಮಿಯಂ ನೆನಪಾಗುತ್ತದೆ. ನಾನು ಲೋಹ ಅಳೆಯುವ ಕಸುಬಿಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ, ಬೆಂಗಳೂರಿನ ಒಂದು ಪಶು ಆಹಾರ ಪ್ರಯೋಗಾಲಯದ ಮೂಲಕ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹಸುವಿನ ವಿಷಯದಲ್ಲಿ ನನ್ನ ಜ್ಞಾನ ಹಾಲಿನ ಲೋಟದಿಂದ ಆಚೆಗೆ ಹೋಗಿರಲಿಲ್ಲ. ಕೆಲಸಕ್ಕೆ ಅದೇನೂ ಅಡ್ಡಿಯಾಗಲಿಲ್ಲ, ಏಕೆಂದರೆ ಹಸು ನಮ್ಮ ಬಳಿಗೆ ಬರುತ್ತಿದ್ದದ್ದು ಟೆಸ್ಟ್‌ಟ್ಯೂಬಿನಲ್ಲಿ.

ಇದ್ದ ಯಂತ್ರ ಒಂದೇ, ಪರಮಾಣು ಹೀರಿಕೆಯ ಸ್ಪೆಕ್ಟ್ರೋಫೋಟೋಮೀಟರ್. ಅಷ್ಟು ಉದ್ದದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ‘ಎಎಎಸ್’. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ಆಲನ್ ವಾಲ್ಶ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಒಂದೊಂದು ಲೋಹಕ್ಕೂ ಒಂದೊಂದು ದೀಪ. ತಾಮ್ರದ ದೀಪ 324.7 ನ್ಯಾನೊಮೀಟರಿನ ಬೆಳಕು ಬೀರುತ್ತದೆ. ಜ್ವಾಲೆಗೆ ಹೋದ ದ್ರಾವಣದಲ್ಲಿ ತಾಮ್ರವಿದ್ದರೆ ಅದರ ಪರಮಾಣುಗಳು ಅದೇ ಬೆಳಕನ್ನು ಹೀರುತ್ತವೆ. ಎಷ್ಟು ಹೀರಿದವು ಎಂಬುದೇ ಲೆಕ್ಕ. ಸತುವಿಗೆ ದೀಪ ಬದಲಿಸಬೇಕು, ಅದು ಬಿಸಿಯಾಗಿ ಸ್ಥಿರವಾಗುವ ತನಕ ಕಾಯಬೇಕು. ಕಾಯುತ್ತಿದ್ದಾಗಲೇ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅಸಿಟಿಲೀನ್ ಜ್ವಾಲೆ ಆರುವಾಗ ಠಪ್ಪೆಂದು ಸದ್ದಾಗುತ್ತಿತ್ತು, ಹೊಸಬರು ಬೆಚ್ಚಿ ಬೀಳುತ್ತಿದ್ದರು. ಸೂಚಿ ತೋರಿಸಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಆ ಗೆರೆಯಿಂದ ಹಸುವಿನ ತಾಮ್ರವನ್ನು ಓದಬೇಕಿತ್ತು.

ಯಂತ್ರದ ಮುಂದೆ ಕೂರುವುದು ದಿನದ ಸಣ್ಣ ಭಾಗ. ಉಳಿದದ್ದೆಲ್ಲ ತೊಳೆಯುವುದು ಮತ್ತು ಕುದಿಸುವುದು. ಗಾಜಿನ ಸಾಮಾನು ಒಂದು ರಾತ್ರಿಯಿಡೀ ಶೇಕಡ 10ರ ನೈಟ್ರಿಕ್ ಆಮ್ಲದಲ್ಲಿ ಮುಳುಗಿರಬೇಕು. ಬೆಳಿಗ್ಗೆ ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು, ಬಟ್ಟೆಯಿಂದ ಒರೆಸುವಂತಿಲ್ಲ, ತಲೆಕೆಳಗಾಗಿ ಒಣಗಬೇಕು. ಆಮೇಲೆ ರಕ್ತವನ್ನೋ ಯಕೃತ್ತಿನ ತುಂಡನ್ನೋ ಗಟ್ಟಿ ನೈಟ್ರಿಕ್ ಆಮ್ಲದಲ್ಲಿ ಹಾಕಿ ಹಾಟ್‌ಪ್ಲೇಟ್ ಮೇಲಿಟ್ಟರೆ ಕಂದು ಹೊಗೆ ಏಳುತ್ತದೆ. ಮಾಂಸ, ಕೊಬ್ಬು ಎಲ್ಲ ಸುಟ್ಟು ತಿಳಿ ಹಳದಿ ನೀರು ಉಳಿಯುವ ತನಕ ಕುದಿಸಬೇಕು. ಹಟಮಾರಿ ಮಾದರಿಗಳಿಗೆ ಕೊನೆಯಲ್ಲಿ ಪರ್‌ಕ್ಲೋರಿಕ್ ಆಮ್ಲ. ಕೊಬ್ಬು ಉಳಿದಿರುವಾಗ ಅದನ್ನು ಹಾಕಿದರೆ ಸಿಡಿಯುತ್ತದೆ, ಒಣಗಲು ಬಿಟ್ಟರೂ ಸಿಡಿಯುತ್ತದೆ. ಆ ಕೋಣೆಯಲ್ಲಿ ಕೆಲಸ ಮಾಡಿದ ನಮ್ಮೆಲ್ಲರ ಬೆರಳ ತುದಿಗಳೂ ಹಳದಿ. ನೈಟ್ರಿಕ್ ಆಮ್ಲ ಚರ್ಮದ ಪ್ರೋಟೀನಿಗೆ ಹತ್ತಿ ಆಗುವ ಬಣ್ಣ ಅದು. ತೊಳೆದರೆ ಹೋಗದು, ಚರ್ಮ ಸುಲಿದು ಹೊಸದು ಬಂದಾಗಲೇ ಹೋಗುವುದು. ಮದುವೆ ಮನೆಗೆ ಹೋದರೆ ಅರಿಶಿನ ಶಾಸ್ತ್ರ ಮುಗಿಸಿ ಬಂದಿರಾ ಎಂದು ಕೇಳುತ್ತಿದ್ದರು.

ನಮ್ಮ ಮುಖ್ಯಸ್ಥರು ಹೆಚ್ಚು ಮಾತಿನವರಲ್ಲ. ಫಲಿತಾಂಶದ ಹಾಳೆ ಹಿಡಿದು ಹೋದರೆ ‘ಮೊದಲು ಬ್ಲ್ಯಾಂಕ್ ತೋರಿಸು, ಆಮೇಲೆ ಹಸು’ ಎನ್ನುತ್ತಿದ್ದರು. ಬ್ಲ್ಯಾಂಕ್ ಎಂದರೆ ಮಾದರಿಯೇ ಇಲ್ಲದ ಮಾದರಿ: ಅದೇ ಆಮ್ಲ, ಅದೇ ಪಾತ್ರೆ, ಅದೇ ಕುದಿತ, ಒಳಗೆ ಹಸುವಿನದೇನೂ ಇಲ್ಲ. ಅದರಲ್ಲಿ ಸತು ಕಾಣಿಸಿದರೆ ಆ ಸತು ನಮ್ಮದು. ಎಷ್ಟೋ ದಿನ ಬ್ಲ್ಯಾಂಕಿನಲ್ಲೇ ಹಸುವಿನ ಅರ್ಧದಷ್ಟು ಸತು ಇರುತ್ತಿತ್ತು. ಅಂದಿನ ಕೆಲಸವೆಲ್ಲ ಸಿಂಕಿಗೆ. ಅವರ ಮೇಜಿನ ಗಾಜಿನಡಿ ಕ್ಲೇರ್ ಪ್ಯಾಟರ್ಸನ್ ಬಗ್ಗೆ ಟೈಪು ಮಾಡಿದ ಒಂದು ಹಾಳೆ ಇತ್ತು. ಭೂಮಿಯ ವಯಸ್ಸನ್ನು ಸೀಸದ ಐಸೊಟೋಪುಗಳಿಂದ ಲೆಕ್ಕ ಹಾಕಹೊರಟ ಈ ಅಮೆರಿಕನ್ನನಿಗೆ ಮೊದಲು ಎದುರಾದದ್ದು ತನ್ನದೇ ಪ್ರಯೋಗಾಲಯದ ಸೀಸ. ಗಾಳಿಯಲ್ಲಿ, ನೀರಿನಲ್ಲಿ, ಆಮ್ಲದಲ್ಲಿ, ತನ್ನ ಕೂದಲಲ್ಲಿ, ಎಲ್ಲೆಲ್ಲೂ ಸೀಸ. ಅದನ್ನೆಲ್ಲ ಹೊರಗಿಟ್ಟು 1956ರಲ್ಲಿ ಅವನು ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದ. ಆಮೇಲೆ ಅವನ ತಲೆ ಕೆಡಿಸಿದ್ದು ಇನ್ನೊಂದು ಪ್ರಶ್ನೆ: ಇಷ್ಟೊಂದು ಸೀಸ ಬಂದದ್ದು ಎಲ್ಲಿಂದ? 1965ರಲ್ಲಿ ಅವನು, ನೀವು ಸಹಜ ಎನ್ನುತ್ತಿರುವ ಸೀಸ ಸಹಜವಲ್ಲ, ಪೆಟ್ರೋಲು ಮತ್ತು ಬೆಸುಗೆಯದು ಎಂದು ಬರೆದಾಗ ಉದ್ಯಮದವರು ಅವನ ಮೇಲೆ ಮುಗಿಬಿದ್ದರು.

ಹಸುವಿನ ರಕ್ತದಲ್ಲಿ ತಾಮ್ರ, ಸತು ಯಾರಿಗೆ ಬೇಕಿತ್ತು? ಹಾಲಿನವರಿಗೆ ಬೇಕಿತ್ತು. ಮಿಶ್ರತಳಿಗಳು ಹಳ್ಳಿಗೆ ಬಂದಿದ್ದವು, ಹಾಲು ಹೆಚ್ಚಾಗಿತ್ತು, ಮೇವು ಮಾತ್ರ ಅದೇ ರಾಗಿ ಹುಲ್ಲು, ಭತ್ತದ ಹುಲ್ಲು. ‘ಮೂರು ಸಲ ಸೂಜಿ ಹಾಕಿಸಿದೆ ಸಾರ್, ಗಬ್ಬ ನಿಲ್ಲುತ್ತಿಲ್ಲ’ ಎಂಬ ದೂರು ಎಲ್ಲ ಕಡೆಯಿಂದ. ಕಾರಣ ಹತ್ತಾರು ಇರಬಹುದು, ಲೋಹದ ಕೊರತೆ ಅವುಗಳಲ್ಲಿ ಒಂದು. ತಾಮ್ರ ಕಡಿಮೆಯಾದ ಹಸುವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಪ್ಪು ಮೈ ತುಕ್ಕು ಬಣ್ಣಕ್ಕೆ ತಿರುಗಿರುತ್ತದೆ, ಕಣ್ಣಿನ ಸುತ್ತ ಕೂದಲು ಬಿಳಿಚಿಕೊಂಡು ಕನ್ನಡಕ ಹಾಕಿದ ಹಾಗೆ ಕಾಣುತ್ತದೆ. ಅಷ್ಟು ದೂರ ಹೋಗದ ಹಸುಗಳೇ ಹೆಚ್ಚು. ಅವುಗಳಿಗೆ ನಮ್ಮ ಯಂತ್ರ ಬೇಕಾಗಿತ್ತು.

ರಕ್ತದ ತಾಮ್ರವೋ ಮೋಸಗಾರ. ಹಸು ತನ್ನ ತಾಮ್ರವನ್ನು ದಾಸ್ತಾನು ಮಾಡುವುದು ಯಕೃತ್ತಿನಲ್ಲಿ. ಆ ದಾಸ್ತಾನು ಬರಿದಾಗುತ್ತ ಬಂದರೂ ರಕ್ತದ ಅಂಕಿ ಸರಿಯಾಗಿಯೇ ಇರುತ್ತದೆ, ತಳ ಕಂಡಾಗ ದಿಢೀರನೆ ಕುಸಿಯುತ್ತದೆ. ಸಾಲದ್ದಕ್ಕೆ ಹಸುವಿಗೆ ಎಲ್ಲಾದರೂ ಸೋಂಕಾಗಿದ್ದರೆ, ತಾಮ್ರ ಹೊರುವ ಪ್ರೋಟೀನ್ ರಕ್ತದಲ್ಲಿ ಏರಿ, ಕೊರತೆಯ ಹಸುವೂ ಸಿರಿವಂತನಂತೆ ತೋರುತ್ತದೆ. ಸತು ಇದಕ್ಕೆ ತಿರುಗುಮುರುಗು, ಜ್ವರ ಬಂದರೆ ಇಳಿಯುತ್ತದೆ. ಮೇವಿನಲ್ಲಿ ತಾಮ್ರ ಬೇಕಾದಷ್ಟಿದ್ದು ಜೊತೆಗೆ ಮಾಲಿಬ್ಡಿನಂ, ಗಂಧಕ ಹೆಚ್ಚಿದ್ದರೆ ಅವೆರಡೂ ಮೆಲುಕುಚೀಲದಲ್ಲಿ ಸೇರಿ ತಾಮ್ರವನ್ನು ಕಟ್ಟಿಹಾಕುತ್ತವೆ. ಇಂಗ್ಲೆಂಡಿನ ಸಾಮರ್ಸೆಟ್ ಹುಲ್ಲುಗಾವಲುಗಳಲ್ಲಿ ದನಗಳು ಏಕೆ ಭೇದಿಯಾಗಿ ಸೊರಗುತ್ತವೆ ಎಂಬ ಒಗಟನ್ನು 1930ರ ದಶಕದಲ್ಲಿ ಬಿಡಿಸಿದ್ದು ಹೀಗೆಯೇ, ಅಲ್ಲಿನ ಹುಲ್ಲಿನಲ್ಲಿ ಮಾಲಿಬ್ಡಿನಂ ಅತಿಯಾಗಿತ್ತು. ಹಸುವಿಗೆ ಕೊಡುವ ತಾಮ್ರವನ್ನೇ ಕುರಿಗೆ ಕೊಟ್ಟರೆ ಕುರಿ ಕಾಮಾಲೆಯಾಗಿ, ಕೆಂಪು ಮೂತ್ರ ಹೊಯ್ದು ಸಾಯುತ್ತದೆ. ಅದರ ಯಕೃತ್ತು ತುಂಬಿಟ್ಟುಕೊಂಡದ್ದನ್ನು ಒಂದು ದಿನ ಒಮ್ಮೆಗೇ ರಕ್ತಕ್ಕೆ ಸುರಿಯುತ್ತದೆ. ರಕ್ತದ ಅಂಕಿಯನ್ನು ನಂಬುವಂತಿಲ್ಲವಾದ್ದರಿಂದ ನಾವು ಕಸಾಯಿಖಾನೆಯಿಂದ ಯಕೃತ್ತು ತರುತ್ತಿದ್ದೆವು. ಆ ಪ್ರಾಣಿ ಯಾವ ಊರಿನದು, ಏನು ತಿಂದಿತ್ತು ಎಂದು ಕೇಳಿದರೆ ಮಾರುವವನು ನಗುತ್ತಿದ್ದ.

ಹಳ್ಳಿಯಿಂದ ರಕ್ತ ತರುವುದು ಇನ್ನೊಂದು ಬಗೆಯ ಪಾಡು. ಪಶುವೈದ್ಯರು ಕತ್ತಿನ ರಕ್ತನಾಳದಿಂದ ರಕ್ತ ತೆಗೆದು ಟ್ಯೂಬಿಗೆ ಕೆಂಪು ರಬ್ಬರ್ ಬಿರಡೆ ಒತ್ತುತ್ತಿದ್ದರು. ರಬ್ಬರನ್ನು ಗಟ್ಟಿ ಮಾಡಲು ಸತುವಿನ ಆಕ್ಸೈಡ್ ಬಳಸುತ್ತಾರೆ. ಜೀಪು ಕುಲುಕಿದಷ್ಟೂ ರಕ್ತ ಬಿರಡೆಯನ್ನು ತೊಳೆಯುತ್ತದೆ, ಬೆಂಗಳೂರು ತಲುಪುವ ಹೊತ್ತಿಗೆ ಹಸುವಿನ ಸತು ಸಮೃದ್ಧ. ಕುಲುಕಾಟದಲ್ಲಿ ಕೆಂಪು ಕಣಗಳು ಒಡೆದರೂ ಅದೇ ಗತಿ, ಏಕೆಂದರೆ ಕಣಗಳ ಒಳಗಿನ ಸತು ಹೊರಗಿನ ದ್ರವದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಮ್ಮೆ ಒಂದು ಹಳ್ಳಿಯ ಎಲ್ಲ ಹಸುಗಳಲ್ಲೂ ಸತು ತುಂಬಿ ತುಳುಕಿತು. ವಿಚಾರಿಸಿದರೆ, ಅಟೆಂಡರು ಹಸುವಿನ ಕತ್ತು ತೊಳೆಯಲು ಜಿಂಕ್ ಬಕೆಟ್ಟಿನಿಂದ ನೀರು ಎತ್ತಿ, ಅದೇ ನೀರಿನಲ್ಲಿ ಸೂಜಿಯನ್ನೂ ಅದ್ದುತ್ತಿದ್ದ. ಅವನ ದೃಷ್ಟಿಯಲ್ಲಿ ಅದು ಶುಚಿತ್ವ.

ವಿಷದ ಲೋಹಗಳ ಕಡೆ ನಾವು ಹೋಗಿದ್ದು ಕಡಿಮೆ. ಮನುಷ್ಯರ ಸೀಸವನ್ನು ಆಗ ಬಹುತೇಕ ಅಡ್ಡದಾರಿಯಿಂದ ಅಂದಾಜು ಮಾಡುತ್ತಿದ್ದರು. ವಸಡಿನ ಅಂಚಿನಲ್ಲಿ ನೀಲಿ ಗೆರೆ ಇದೆಯೇ, ರಕ್ತದ ಲೇಪದಲ್ಲಿ ಕೆಂಪು ಕಣಗಳ ಮೇಲೆ ನೀಲಿ ಚುಕ್ಕೆಗಳಿವೆಯೇ, ಮೂತ್ರದಲ್ಲಿ ಅಮಿನೊಲೆವುಲಿನಿಕ್ ಆಮ್ಲ ಏರಿದೆಯೇ. ಇವು ಕಾಣಿಸಿಕೊಳ್ಳುವ ಹೊತ್ತಿಗೆ ಸೀಸ ಮಾಡಬೇಕಾದ್ದನ್ನು ಮಾಡಿ ಮುಗಿಸಿರುತ್ತದೆ. ನೇರವಾಗಿ ಅಳೆಯಬೇಕೆಂದರೆ ಜ್ವಾಲೆಯ ಯಂತ್ರಕ್ಕೆ ರಕ್ತದ ಸೀಸ ಸುಲಭವಾಗಿ ಕಾಣುವುದಿಲ್ಲ. ಒಂದು ಕೊಂಡಿರಾಸಾಯನಿಕದಿಂದ ಅದನ್ನು ಹಿಡಿದು, ತಲೆ ತಿರುಗಿಸುವ ವಾಸನೆಯ ದ್ರಾವಕಕ್ಕೆ ಎಳೆದು, ಗಟ್ಟಿ ಮಾಡಿ ಓದಬೇಕು. ಒಂದು ಮಾದರಿಗೆ ಹಲವು ಮಿಲಿಲೀಟರ್ ರಕ್ತ ಬೇಕು. ಮಗುವಿನ ತೋಳಿನಿಂದ ಅಷ್ಟು ತೆಗೆಯಲು ತಾಯಂದಿರು ಒಪ್ಪುತ್ತಿರಲಿಲ್ಲ, ಅವರ ತಪ್ಪೂ ಇಲ್ಲ.

ಆ ದಿನಗಳಲ್ಲಿ ಒಬ್ಬ ಪಶುವೈದ್ಯರು ಐಸ್ ಡಬ್ಬಿಯಲ್ಲಿ ಎಮ್ಮೆಯ ಮೂತ್ರಪಿಂಡ ತಂದರು. ಊರಂಚಿನ ಒಂದು ಓಣಿಯ ಎಮ್ಮೆ. ಕಣ್ಣು ಕಾಣದೆ ಗೋಡೆಗೆ ಹಣೆ ಒತ್ತಿ ನಿಂತಿತ್ತಂತೆ, ಹಲ್ಲು ಕಟಕಟ ಕಡಿಯುತ್ತಿತ್ತಂತೆ, ಎರಡು ದಿನದಲ್ಲಿ ಸತ್ತಿತು. ಎಮ್ಮೆಗೆ ವಿಮೆ ಇತ್ತು. ವಿಮೆಯವರಿಗೆ ಸಾವಿನ ಕಾರಣ ಕಾಗದದ ಮೇಲೆ ಬೇಕಿತ್ತು. ಮೂತ್ರಪಿಂಡದಲ್ಲಿ ಹತ್ತು ಪಿಪಿಎಂ ಸೀಸ ದಾಟಿದರೆ ವಿಷಪ್ರಾಶನ ಎಂದು ಪಶುವೈದ್ಯಕೀಯ ಒಪ್ಪುತ್ತದೆ. ನಮಗೆ ಸಿಕ್ಕಿದ್ದು ಅದರ ಹಲವು ಪಟ್ಟು. ನಾನು ವೈದ್ಯರ ಜೊತೆ ಆ ಓಣಿಗೆ ಹೋದೆ. ಲಾರಿ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಸುರಿದು, ಸೀಸದ ಫಲಕಗಳನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸುತ್ತಿದ್ದರು. ಬೂದಿಯ ರಾಶಿ ರಸ್ತೆಯ ಪಕ್ಕಕ್ಕೇ ಇತ್ತು. ದನಗಳಿಗೆ ಬ್ಯಾಟರಿ ಬೂದಿಯ ರುಚಿ ಹಿಡಿಸುತ್ತದೆ, ನೆಕ್ಕುತ್ತವೆ. ಅದೇ ರಾಶಿಯ ಮೇಲೆ ಕೂತು ಇಬ್ಬರು ಹುಡುಗರು ಒಡೆದ ಬ್ಯಾಟರಿಯ ಖಾನೆಗಳಲ್ಲಿ ಕಲ್ಲು ತುಂಬಿ ಆಡುತ್ತಿದ್ದರು.

ಹುಡುಗರ ರಕ್ತವನ್ನೂ ನೋಡೋಣವೇ ಎಂದು ಕಚೇರಿಯಲ್ಲಿ ಕೇಳಿದೆ. ‘ಮಕ್ಕಳು ನಮ್ಮ ಇಲಾಖೆಗೆ ಬರುವುದಿಲ್ಲ’ ಎಂದರು. ಮಾತು ನಿಜ. ಎಮ್ಮೆಯ ಮಾಲೀಕನಿಗೆ ವಿಮೆ ಹಣ ಬಂತು.

ಅಂದು ಅಳೆದಿದ್ದರೂ ಏನು ಬರೆಯುತ್ತಿದ್ದರೋ! ಅಮೆರಿಕದ ಆರೋಗ್ಯಾಧಿಕಾರಿಗಳು ಮಕ್ಕಳ ರಕ್ತದ ಸೀಸಕ್ಕೆ ಇಟ್ಟ ಎಚ್ಚರಿಕೆಯ ಗೆರೆಯನ್ನೇ ಲೋಕವೆಲ್ಲ ನೋಡುತ್ತಿತ್ತು. ಪ್ರತಿ ಡೆಸಿಲೀಟರಿಗೆ ಅದು 1971ರಲ್ಲಿ 40 ಮೈಕ್ರೋಗ್ರಾಂ, 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. 1986ರಲ್ಲಿ ಒಂದು ಮಗುವಿಗೆ 20 ಬಂದಿದ್ದರೆ ‘ಸಾಮಾನ್ಯ’ ಎಂದು ಬರೆದು ಮನೆಗೆ ಕಳಿಸಬಹುದಿತ್ತು. ಇಂದು ಅದೇ ಅಂಕಿಗೆ ಮನೆಯ ಬಣ್ಣ, ಪಾತ್ರೆ, ಮಸಾಲೆ, ಅಪ್ಪನ ಕೆಲಸದ ಬಟ್ಟೆ ಎಲ್ಲವನ್ನೂ ಶೋಧಿಸಬೇಕಾಗುತ್ತದೆ. ಆ ಗೆರೆಗಳಲ್ಲಿ ಒಂದೂ ‘ಇದರ ಕೆಳಗೆ ಅಪಾಯವಿಲ್ಲ’ ಎಂದು ಸಾಬೀತಾಗಿ ಬಂದದ್ದಲ್ಲ. ಈಗಿನ 3.5 ಕೂಡ ಅಮೆರಿಕದ ಪುಟ್ಟ ಮಕ್ಕಳಲ್ಲಿ ಅತಿ ಹೆಚ್ಚು ಸೀಸವಿರುವ ಶೇಕಡ 2.5ರಷ್ಟು ಮಕ್ಕಳನ್ನು ಬೇರ್ಪಡಿಸುವ ಅಂಕಿ, ಅಷ್ಟೇ.

ಅಲ್ಲಿ ಹಾಗೆ ಬೇರ್ಪಡಿಸಲು ಸಾಧ್ಯವಾದದ್ದು ಎಪ್ಪತ್ತರ ದಶಕದಿಂದ ದೇಶವ್ಯಾಪಿ ಆರೋಗ್ಯ ಸಮೀಕ್ಷೆಯಲ್ಲಿ ಸಾಮಾನ್ಯ ಜನರ ರಕ್ತದ ಸೀಸವನ್ನು ಅಳೆಯುತ್ತ ಬಂದದ್ದರಿಂದ. 1976ರಿಂದ 1980ರ ನಡುವೆ ಜನರ ರಕ್ತದ ಸೀಸ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು. ಪೆಟ್ರೋಲಿನಲ್ಲಿ ಸೀಸದ ಬಳಕೆಯೂ ಅದರ ಜೊತೆಜೊತೆಗೇ ಇಳಿದಿತ್ತು. ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ತೋರಿಸಿದ ಮೇಲೆ ಪೆಟ್ರೋಲ್ ಕಂಪನಿಗಳ ವಾದಕ್ಕೆ ಬಲ ಉಳಿಯಲಿಲ್ಲ. ನಮ್ಮಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, ದೇಶಕ್ಕೆಲ್ಲ 2000ದ ಫೆಬ್ರವರಿ 1ಕ್ಕೆ. ಅದಕ್ಕೆ ಸ್ವಲ್ಪ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಜಾರ್ಜ್ ಫೌಂಡೇಶನ್ ಮುಂದಾಗಿ ಹಲವು ನಗರಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿಸಿತು. ಹನ್ನೆರಡರ ಒಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಂದಿನ ಗೆರೆಯಾದ 10ನ್ನು ದಾಟಿದ್ದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅಲ್ಲಿಂದ ಮುಂದೆ ಬಣ್ಣ, ಬ್ಯಾಟರಿ, ಆಟಿಕೆ ಎಂದು ಸೀಸದ ಬೆನ್ನು ಬಿಡಲಿಲ್ಲ. ಅವರ ಕಾಲೇಜಿನಲ್ಲೇ ಸೀಸದ ವಿಷಕ್ಕೆ ರಾಷ್ಟ್ರೀಯ ರೆಫರಲ್ ಕೇಂದ್ರವೂ ಬಂತು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು ಮರುವರ್ಷ.

ಈ ನಡುವೆ ಯಂತ್ರಗಳು ನಮ್ಮ ಕೈ ಮೀರಿ ಬೆಳೆದವು. ಮೊದಲು ಗ್ರಾಫೈಟ್ ಕುಲುಮೆ ಬಂತು. ಒಂದು ಸಣ್ಣ ಇದ್ದಿಲ ಕೊಳವೆಗೆ ಇಪ್ಪತ್ತು ಮೈಕ್ರೋಲೀಟರ್ ದ್ರಾವಣ ಬಿಟ್ಟರೆ ಅದು ಒಣಗಿಸಿ, ಸುಟ್ಟು, ಎರಡು ಸಾವಿರ ಡಿಗ್ರಿಗೆ ಏರಿಸಿ ಸೀಸವನ್ನು ಓದುತ್ತದೆ. ಮಗುವಿನ ಬೆರಳಿನ ಒಂದೆರಡು ಹನಿ ಸಾಕಾಯಿತು. ಆಮೇಲೆ ಐಸಿಪಿ-ಎಂಎಸ್. ಆರ್ಗಾನ್ ಅನಿಲದ ಪ್ಲಾಸ್ಮಾದಲ್ಲಿ ಮಾದರಿಯನ್ನು ಅಯಾನುಗಳಾಗಿ ಚೂರು ಮಾಡಿ ತೂಕದ ಮೇಲೆ ವಿಂಗಡಿಸುವ ಯಂತ್ರ ಇದು. ಎಂಬತ್ತರ ದಶಕದಲ್ಲೇ ಮಾರುಕಟ್ಟೆಗೆ ಬಂದಿದ್ದರೂ ನಾನು ಅದರ ಮುಂದೆ ಕೂತದ್ದು ಬಹಳ ತಡವಾಗಿ. ದೀಪ ಬದಲಿಸುವ ಗೋಜಿಲ್ಲ, ಒಂದೇ ಗುಟುಕಿಗೆ ಇಪ್ಪತ್ತು ಮೂವತ್ತು ಧಾತು. ಒಂದು ಲೀಟರಿನಲ್ಲಿ ಗ್ರಾಂನ ನೂರು ಕೋಟಿಯಲ್ಲೊಂದು ಭಾಗವಿದ್ದರೂ ಹೇಳಬಲ್ಲ ಯಂತ್ರದ ಮುಂದೆ ನಮ್ಮ ಹಳೆಯ ಜ್ವಾಲೆ ಕುರುಡು. ಇದನ್ನು ಬೇಡ ಎನ್ನುವವರಿದ್ದರೆ ಅವರು ನೈಟ್ರಿಕ್ ಆಮ್ಲದ ಹೊಗೆ ಕುಡಿದವರಲ್ಲ.

ಆದರೆ ಇದಕ್ಕೂ ಮೋಸವಾಗುತ್ತದೆ. ಆರ್ಸೆನಿಕ್‌ನ ತೂಕ 75. ಪ್ಲಾಸ್ಮಾದ ಆರ್ಗಾನ್ 40, ರಕ್ತ ಮೂತ್ರಗಳ ಉಪ್ಪಿನಲ್ಲಿರುವ ಕ್ಲೋರಿನ್ 35. ಎರಡೂ ಜೋಡಿಯಾದರೆ 75. ಯಂತ್ರಕ್ಕೆ ಗೊತ್ತಿರುವುದು ತೂಕ ಮಾತ್ರ, ಉಪ್ಪನ್ನೇ ಪಾಷಾಣವೆಂದು ಬರೆದುಬಿಡುತ್ತದೆ. ಈಗ ಹೀಲಿಯಂ ತುಂಬಿದ ಕೋಶದ ಮೂಲಕ ಹಾಯಿಸಿ ಈ ಜೋಡಿಗಳನ್ನು ತಡೆಯುತ್ತಾರೆ. ಅಷ್ಟಾದರೂ ಉಳಿಯುವ ಇನ್ನೊಂದು ತೊಡಕು ಊಟದ ತಟ್ಟೆಯಿಂದ ಬರುತ್ತದೆ. ಕೆಲಸದ ಕೊನೆಯ ವರ್ಷಗಳಲ್ಲಿ ಕರಾವಳಿಯ ಒಬ್ಬರ ಮೂತ್ರದಲ್ಲಿ ಆರ್ಸೆನಿಕ್ ಹೌಹಾರುವಷ್ಟು ಬಂತು. ಮನೆಯವರು ಬಾವಿಗೆ ಯಾರೋ ವಿಷ ಹಾಕಿದ್ದಾರೆಂದು ಪಕ್ಕದ ಮನೆಯವರ ಮೇಲೆ ದೂರು ಕೊಡಲು ಹೊರಟಿದ್ದರು. ಹಿಂದಿನ ದಿನ ಏನು ಊಟ ಎಂದು ಕೇಳಿದೆ. ಸಿಗಡಿ ಗಸಿ, ಬಂಗುಡೆ ಹುಳಿಮೆಣಸು. ಸಮುದ್ರದ ಮೀನು, ಸಿಗಡಿಗಳಲ್ಲಿ ಆರ್ಸೆನೊಬೀಟೈನ್ ಎಂಬ ರೂಪದಲ್ಲಿ ಆರ್ಸೆನಿಕ್ ಧಾರಾಳವಾಗಿರುತ್ತದೆ. ಅದು ಬಂದ ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ, ಏನೂ ಮಾಡುವುದಿಲ್ಲ. ಕೆಲವು ದಿನ ಮೀನು ಬಿಡಿಸಿ ಮತ್ತೆ ನೋಡಿದಾಗ ಅಂಕಿ ನೆಲಕ್ಕಿಳಿದಿತ್ತು. ನೆರೆಹೊರೆಯ ಜಗಳ ನಿಂತಿತೋ ಇಲ್ಲವೋ ತಿಳಿಯದು, ಅದಕ್ಕೆ ಬೇರೆ ಕಾರಣಗಳೂ ಇದ್ದ ಹಾಗಿತ್ತು.

ಯಾದಗಿರಿಯ ಕಡೆ ಕತೆ ಹೀಗಲ್ಲ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಗಳ ನೆಲದಲ್ಲಿ, ಕೊಳವೆಬಾವಿಯ ನೀರು ಕುಡಿದವರ ಅಂಗೈ ಅಂಗಾಲು ಗಂಟುಗಟ್ಟಿದ್ದವು, ಮೈಮೇಲೆ ಮಳೆಹನಿ ಬಿದ್ದಂಥ ಕಲೆಗಳಿದ್ದವು. ಅಲ್ಲಿ ನೀರಿನ ಜೊತೆ ಜನರ ಕೂದಲು, ಉಗುರುಗಳನ್ನೂ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಂಗಾಳದಲ್ಲಿ ದಶಕಗಳ ಕಾಲ ಇದೇ ಕೆಲಸ ಮಾಡಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅದರ ಹಿಂದಿದ್ದರು. ನೀರಿನ ಆರ್ಸೆನಿಕ್ ಕೂದಲು ಉಗುರುಗಳ ಗಂಧಕಕ್ಕೆ ಅಂಟಿಕೊಂಡು ತಿಂಗಳುಗಳ ದಾಖಲೆ ಬಿಡುತ್ತದೆ. ರಕ್ತದಲ್ಲಿ ಅದು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಸೀಸಕ್ಕೆ ರಕ್ತ, ಆರ್ಸೆನಿಕ್‌ಗೆ ಮೂತ್ರ ಅಥವಾ ಉಗುರು, ಮೀನಿನ ಪಾದರಸಕ್ಕೆ ಕೂದಲು, ತಾಮ್ರಕ್ಕೆ ಯಕೃತ್ತು. ಯಾವ ಲೋಹವನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರವೂ ಸಿಕ್ಕಿದ್ದನ್ನು ಹೇಳುತ್ತದೆ.

ಇದನ್ನು ಹೇಳಲು ಕಾರಣ, ಈಗ ನನಗೆ ವಾಟ್ಸಾಪ್‌ನಲ್ಲಿ ಬರುವ ವರದಿಗಳು. ಫುಲ್ ಬಾಡಿ ಚೆಕಪ್ಪಿನ ಜೊತೆ ಲೋಹಗಳ ಪಟ್ಟಿಯೂ ಒಂದು ಉಚಿತ ಕೊಡುಗೆ. ಹದಿನೈದು ಇಪ್ಪತ್ತು ಹೆಸರು, ಎದುರಿಗೆ ಹಸಿರು, ಹಳದಿ, ಕೆಂಪು ಬಣ್ಣ. ಬಂಧುವೊಬ್ಬರ ವರದಿಯಲ್ಲಿ ಸತುವಿಗೂ ನಿಕ್ಕಲ್‌ಗೂ ಕೆಂಪು ಬಿದ್ದಿತ್ತು. ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿದರು ಎಂದು ಕೇಳಿದೆ. ಲೋಹ ಪರೀಕ್ಷೆಗೆಂದೇ ಕಡುನೀಲಿ ಮುಚ್ಚಳದ ಟ್ಯೂಬು ಇದೆ, ಉಳಿದವುಗಳನ್ನು ಬಳಸಬಾರದು. ಸಹಾಯವಾಣಿಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ‘ಮೇಡಂ, ನಮ್ಮ ಲ್ಯಾಬ್ ಪೂರ್ತಿ ಆಟೊಮೇಟೆಡ್’ ಎಂದರು. ಕೂದಲು ಕಳಿಸಿ ಎನ್ನುವ ಕಂಪನಿಗಳಿವೆ. ಕೂದಲಿಗೆ ಶಾಂಪೂ, ಬಣ್ಣ, ದೂಳು ಹತ್ತಿರುತ್ತದೆ. ಅದರಲ್ಲಿ ಸತು ಕಡಿಮೆ ಎಂದು ಹೇಳಿ ಸತುವಿನ ಗುಳಿಗೆಯನ್ನು ಅವರೇ ಮಾರುತ್ತಾರೆ. ಇನ್ನೂ ಕೆಟ್ಟದ್ದು, ಲೋಹ ಕಕ್ಕಿಸುವ ಮದ್ದನ್ನು ಮೊದಲು ಕೊಟ್ಟು ಆಮೇಲೆ ಮೂತ್ರ ಪರೀಕ್ಷಿಸಿ, ಆ ಅಂಕಿಯನ್ನು ಮದ್ದು ತಗೊಳ್ಳದವರ ಮಿತಿಯ ಪಕ್ಕದಲ್ಲಿಟ್ಟು ಹೆದರಿಸುವುದು. ಆ ಮದ್ದು ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲೂ ಸೀಸ ಏರುತ್ತದೆ. ಇಂಥ ಪರೀಕ್ಷೆಗೆ ಆಧಾರವಿಲ್ಲವೆಂದು ಅಮೆರಿಕದ ವಿಷವೈದ್ಯರ ಸಂಘವೇ ಹೇಳಿ ಎಷ್ಟೋ ವರ್ಷವಾಯಿತು. ವ್ಯಾಪಾರ ನಿಂತಿಲ್ಲ.

ನಮ್ಮ ಹಳೆಯ ಶತ್ರು ರಬ್ಬರ್ ಬಿರಡೆಯಂತೂ ಹೊಸ ವೇಷದಲ್ಲಿ ಮರಳಿ ಬಂತು. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಲ್ಲಿ ಬಹಳ ಬಳಕೆಯಲ್ಲಿದ್ದ ಒಂದು ಸೀಸ ಮಾಪಕ ತೋಳಿನಿಂದ ತೆಗೆದ ರಕ್ತದಲ್ಲಿ ಸೀಸವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿದೆ ಎಂದು ಎಚ್ಚರಿಸಿ, ಪುಟ್ಟ ಮಕ್ಕಳನ್ನು ಮತ್ತೆ ಪರೀಕ್ಷಿಸಲು ಹೇಳಿತು. ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಟ್ಯೂಬಿನ ಬಿರಡೆ. ರಬ್ಬರಿನಲ್ಲಿದ್ದ ಥಿಯುರಾಮ್ ಎಂಬ ರಾಸಾಯನಿಕದಿಂದ ಹೊರಟ ಗಂಧಕದ ಅನಿಲ ಸೀಸವನ್ನು ಕಟ್ಟಿಹಾಕಿ ಮಾಪಕದ ಕಣ್ಣಿಗೆ ಬೀಳದಂತೆ ಮಾಡುತ್ತಿತ್ತು. ಆಗ ಬಿರಡೆ ಇಲ್ಲದ ಸತುವನ್ನು ತೋರಿಸುತ್ತಿತ್ತು, ಈಗ ಇರುವ ಸೀಸವನ್ನು ಮುಚ್ಚಿಟ್ಟಿತು. ಸುದ್ದಿ ಓದಿ ಹಳೆಯ ಮುಖ್ಯಸ್ಥರಿಗೆ ಫೋನು ಮಾಡಿದೆ. ‘ಬಿರಡೆಗೂ ಒಂದು ಬ್ಲ್ಯಾಂಕ್ ಹಾಕಬೇಕಿತ್ತು’ ಎಂದರು, ಬೇರೇನೂ ಹೇಳಲಿಲ್ಲ.

ಹಸುಗಳ ವಿಷಯದಲ್ಲಿ ಕೆಲಸ ಮುಂದುವರಿದಿದೆ, ಅದನ್ನು ಒಪ್ಪಬೇಕು. ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಮಣ್ಣು, ಮೇವು, ರಕ್ತ ಮೂರನ್ನೂ ನೋಡಿ, ಯಾವ ಸೀಮೆಯಲ್ಲಿ ಯಾವ ಖನಿಜ ಕಡಿಮೆ ಎಂದು ಗುರುತಿಸಿ, ಆಯಾ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣ ರೂಪಿಸುವ ಕೆಲಸ ಮಾಡಿದೆ. ಡೇರಿಗೆ ಹಾಲು ಹಾಕುವ ರೈತ ಇಂದು ಖನಿಜ ಮಿಶ್ರಣದ ಪೊಟ್ಟಣವನ್ನು ಹೆಸರು ಹಿಡಿದು ಕೇಳುತ್ತಾನೆ. ಮನುಷ್ಯರ ಕಡೆ ತಿರುಗಿದರೆ ಕಾನೂನು ಇದೆ: ಕಾರ್ಖಾನೆಗಳಲ್ಲಿ ಸೀಸದ ವಿಷ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಬ್ಯಾಟರಿ ಒಡೆಯುವ ಶೆಡ್ಡು ಕಾರ್ಖಾನೆಯೆಂದು ನೋಂದಾಯಿಸಿಕೊಂಡಿದ್ದರೆ ತಾನೆ! ದೇಶದ ಮಕ್ಕಳ ರಕ್ತದ ಸೀಸವನ್ನು ಕಾಲಕಾಲಕ್ಕೆ ಅಳೆಯುವ ವ್ಯವಸ್ಥೆ ನಮ್ಮಲ್ಲಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸೇರಿ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ ಎಂದು ಪ್ರಕಟಿಸಿದಾಗ ಪತ್ರಿಕೆಗಳು ಗಾಬರಿಯಿಂದ ಬರೆದವು. ಅದು ಮಕ್ಕಳ ತೋಳಿನಿಂದ ಬಂದ ಅಂಕಿಯಲ್ಲ, ಅಲ್ಲಿಲ್ಲಿ ನಡೆದ ಸಣ್ಣ ಅಧ್ಯಯನಗಳನ್ನು ಕೂಡಿಸಿ ಕಂಪ್ಯೂಟರು ಮಾಡಿದ ಅಂದಾಜು. ಅಂದಾಜು ತಪ್ಪಿರಬೇಕೆಂದು ನಾನು ಹೇಳುತ್ತಿಲ್ಲ. ಸರಿಯೋ ತಪ್ಪೋ ಹೇಳಲು ಬೇಕಾದ ರಕ್ತವನ್ನು ಯಾರೂ ತೆಗೆದಿಲ್ಲ. ನಮ್ಮ ತಾಲ್ಲೂಕಿನ ಹಸುವಿಗೆ ಸತು ಕಡಿಮೆಯೇ ಎಂದು ಕೇಳಿದರೆ ಹೇಳುವವರಿದ್ದಾರೆ, ಅದೇ ತಾಲ್ಲೂಕಿನ ಮಗುವಿಗೆ ಸೀಸ ಎಷ್ಟು ಎಂದರೆ ಇಲ್ಲ. ಹಾಲಿಗೆ ಬೆಲೆ ಇದೆ, ಡೇರಿಯಲ್ಲಿ ಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ನನಗೆ ತೋಚುವ ಕಾರಣ ಇಷ್ಟೇ.

ಎಮ್ಮೆ ಸತ್ತ ಆ ಓಣಿ ಈಗ ಊರ ಒಳಗಾಗಿದೆ. ಬ್ಯಾಟರಿಯವರು ಎಲ್ಲಿಗೋ ಹೋದರು, ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಪರಿಚಯದವರು ಅಲ್ಲಿ ಮನೆ ಕೊಂಡಿದ್ದಾರೆ. ಗೃಹಪ್ರವೇಶಕ್ಕೆ ಹೋಗಿದ್ದೆ. ಹಿಂಭಾಗದಲ್ಲಿ ಜಾರುಬಂಡೆ, ಉಯ್ಯಾಲೆ, ಒಂದಿಷ್ಟು ಹುಲ್ಲು, ನಡುವೆ ಬೋಳು ಮಣ್ಣು. ಸೀಸ ಕೊಳೆಯುವುದಿಲ್ಲ, ಮಳೆಗೂ ಬೇಗ ಇಳಿದು ಹೋಗುವುದಿಲ್ಲ, ಮೇಲುಮಣ್ಣಿನ ಕೆಲವು ಇಂಚಿನಲ್ಲೇ ಕೂತಿರುತ್ತದೆ. ಅಡಿಪಾಯಕ್ಕೆ ಅಗೆದಾಗ ಆ ಮಣ್ಣು ಲಾರಿಯಲ್ಲಿ ಹೊರಗೆ ಹೋಗಿರಬಹುದು, ಅಲ್ಲೇ ಹರಡಿರಲೂಬಹುದು. ಸಂಘದ ಕಾರ್ಯದರ್ಶಿಗೆ ಜಾಗದ ಹಳೆಯ ಕತೆ ಹೇಳಿ, ಆಟದ ಜಾಗದ ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣು ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು ಪರೀಕ್ಷೆಗೆ ಕಳಿಸಿ ಎಂದೆ, ಕಬ್ಬಿಣದ ಸಲಿಕೆ ಬೇಡ ಎಂದೂ ಹೇಳಿದೆ. ಅವರು ಖರ್ಚೆಷ್ಟು ಎಂದು ಕೇಳಿದರು. ಹೇಳಿದೆ. ಅವರು ಹಿಂಜರಿದದ್ದು ಖರ್ಚಿಗಲ್ಲ. ‘ಸೀಸ ಇದೆ ಅಂತ ಬಂದರೆ ಫ್ಲಾಟುಗಳ ರೇಟು ಏನಾಗುತ್ತೆ ಮೇಡಂ’ ಎಂದರು. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಇಡುತ್ತೇವೆ ಎಂದು ನನ್ನ ನಂಬರು ತೆಗೆದುಕೊಂಡಿದ್ದಾರೆ.